ಆಸಿಡ್ ಕಡಿಮೆ ಅಂತ ರಿಪೋರ್ಟ್, ಆದರೂ ಹೊಟ್ಟೆಯಲ್ಲಿ ಉರಿ. ಯಾರಿಗಾದರೂ ಹೀಗಾಗಿದೆಯಾ?

ಇಬ್ಬನಿ:
ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡಿದ್ದೆ, ಇವತ್ತು ಬರೆಯಲೇಬೇಕು ಅನ್ನಿಸಿತು. ಸ್ವಲ್ಪ ಉದ್ದ ಆಗಬಹುದು.

ನನಗೆ 46 ವರ್ಷ. ಒಂದೂವರೆ ವರ್ಷದಿಂದ ಎದೆಮೂಳೆಯ ಕೆಳಗೆ, ಹೊಕ್ಕುಳಿಗಿಂತ ಮೇಲೆ, ಅಂಗೈ ಅಗಲದಷ್ಟು ಜಾಗದಲ್ಲಿ ಉರಿ. ಚುಚ್ಚುವುದಿಲ್ಲ, ಹಿಂಡುವುದಿಲ್ಲ. ಬರೀ ಉರಿ. ಊಟವಾಗಿ ಮುಕ್ಕಾಲು ಗಂಟೆಗೆ ಶುರುವಾಗುತ್ತದೆ. ನಾಲ್ಕು ತುತ್ತು ತಿನ್ನುವಷ್ಟರಲ್ಲಿ ಹೊಟ್ಟೆ ತುಂಬಿದ ಹಾಗಾಗುತ್ತದೆ. ರಾತ್ರಿ ಎರಡಕ್ಕೆ ಎಚ್ಚರವಾದರೆ ಮುಗಿಯಿತು. ಮಂಚದ ಅಂಚಿನಲ್ಲಿ ಕೂತು, ದಿಂಬನ್ನು ಎರಡಾಗಿ ಮಡಚಿ ಹೊಟ್ಟೆಗೆ ಒತ್ತಿಕೊಂಡು, ಮುಂದಕ್ಕೆ ಬಾಗಿ ಬೆಳಕು ಹರಿಯುವುದನ್ನು ಕಾಯುತ್ತೇನೆ.

ಮೊದಲು ತೋರಿಸಿದ ಡಾಕ್ಟರ್ ಆಸಿಡಿಟಿ ಅಂದರು. ಆಸಿಡ್ ತಡೆಯುವ ಪ್ಯಾಂಟೊಪ್ರಜೋಲ್ ಮಾತ್ರೆ ಕೊಟ್ಟರು. ಮೂರು ತಿಂಗಳು ತಗೊಂಡೆ, ಉರಿ ಹೋಗಲಿಲ್ಲ. ಡೋಸ್ ದುಪ್ಪಟ್ಟು ಮಾಡಿದರು. ಉರಿ ಹಾಗೇ ಉಳಿಯಿತು, ಜೊತೆಗೆ ಹೊಟ್ಟೆ ಉಬ್ಬರ ಬೇರೆ. ಕೊನೆಗೆ ಇನ್ನೊಬ್ಬರ ಹತ್ತಿರ ಹೋದೆ. ಅವರು ಎಂಡೋಸ್ಕೋಪಿ ಮಾಡಿ, ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಹೊಟ್ಟೆಯ ಮೇಲ್ಭಾಗದ ಒಳಪದರ ಸವೆದು ತೆಳುವಾಗಿದೆಯಂತೆ. ಅಟ್ರೋಫಿಕ್ ಗ್ಯಾಸ್ಟ್ರೈಟಿಸ್ ಅಂತ ಬರೆದಿದ್ದಾರೆ. ರಕ್ತದಲ್ಲಿ ಗ್ಯಾಸ್ಟ್ರಿನ್, ಅಂದರೆ ಆಸಿಡ್ ಮಾಡು ಅಂತ ಹೊಟ್ಟೆಗೆ ಹೇಳುವ ಹಾರ್ಮೋನ್, ಜಾಸ್ತಿ. "ನಿಮ್ಮ ಹೊಟ್ಟೆಯಲ್ಲಿ ಆಸಿಡ್ ಇರಬೇಕಾದಷ್ಟು ಇಲ್ಲ" ಅಂದರು.

ನನಗೆ ಅರ್ಥವಾಗದ್ದು ಇದು: ಆಸಿಡ್ ಇಲ್ಲ ಅಂದಮೇಲೆ ಉರಿಯುತ್ತಿರುವುದು ಏನು? ಹೀಗೆ ಇರುವವರು ದಿನ ಹೇಗೆ ತಳ್ಳುತ್ತೀರಿ?

ಮುಂಗಾರು77:
ನನಗೂ ಇದೇ ಕಥೆ. ಉತ್ತರಕ್ಕೆ ಕಾಯುತ್ತಿದ್ದೇನೆ.

ನೇರಮಾತು:
ಇದು ತುಂಬಾ ಸುಲಭ. ಕಡಿಮೆ ಇರುವುದನ್ನು ತುಂಬಬೇಕು ಅಷ್ಟೇ. ಊಟಕ್ಕೆ ಮುಂಚೆ ಒಂದು ಚಮಚ ವಿನೆಗರ್ ನೀರಿಗೆ ಹಾಕಿ ಕುಡಿಯಿರಿ. ಸಾಲದಿದ್ದರೆ ಬೀಟೈನ್ ಹೈಡ್ರೋಕ್ಲೋರೈಡ್, ಅಂದರೆ ಆಸಿಡ್ ಕ್ಯಾಪ್ಸೂಲ್. ಹೊಟ್ಟೆ ಬೆಚ್ಚಗಾಗುವವರೆಗೆ ದಿನಕ್ಕೊಂದು ಜಾಸ್ತಿ ಮಾಡುತ್ತಾ ಹೋಗಿ. ಡಾಕ್ಟರುಗಳಿಗೆ ಆಸಿಡ್ ಕಡಿಮೆ ಮಾಡುವುದು ಬಿಟ್ಟರೆ ಬೇರೆ ಗೊತ್ತಿಲ್ಲ.

ರಾತ್ರಿಪಾಳಿ:
ನೇರಮಾತು ಅವರೇ, ದಯವಿಟ್ಟು ಹಾಗೆ ಬರೆಯಬೇಡಿ. ನಾನು ನರ್ಸ್, ಹನ್ನೊಂದು ವರ್ಷ ಎಂಡೋಸ್ಕೋಪಿ ಕೋಣೆಯಲ್ಲಿ ಕೆಲಸ ಮಾಡಿದ್ದೇನೆ. ಒಳಪದರ ಮೊದಲೇ ಸವೆದಿರುತ್ತದೆ. ಅದರ ಮೇಲೆ ಆಸಿಡ್ ಕ್ಯಾಪ್ಸೂಲ್ ಒಡೆದರೆ ಏನಾಗಬಹುದು ಯೋಚಿಸಿ. ಹುಣ್ಣು ಇದ್ದವರು, ನೋವಿನ ಮಾತ್ರೆ ಅಂದರೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ತಗೊಳ್ಳುವವರು, ಸ್ಟೀರಾಯ್ಡ್ ಮೇಲಿರುವವರು ಅದರ ಹತ್ತಿರವೂ ಹೋಗಬಾರದು. "ಬೆಚ್ಚಗಾಗುವವರೆಗೆ" ಅಂದಿರಲ್ಲ, ಈ ಅಕ್ಕನಿಗೆ ಒಂದೂವರೆ ವರ್ಷದಿಂದ ಉರಿಯುತ್ತಲೇ ಇದೆ. ಅವರು ಎಲ್ಲಿ ನಿಲ್ಲಿಸಬೇಕು?

ವಿನೆಗರ್ ಬಗ್ಗೆಯೂ ಒಂದು ಮಾತು. ಹೊಟ್ಟೆಯ ಆಸಿಡ್ ಮುಂದೆ ಅದು ತುಂಬಾ ಮೆತ್ತಗೆ. ಹೊಟ್ಟೆಗೆ ಅಂಥ ಉಪಯೋಗ ಆಗುವುದಿಲ್ಲ, ಹಲ್ಲಿನ ಎನಾಮೆಲ್ ಮಾತ್ರ ಹೋಗುತ್ತದೆ.

ನೇರಮಾತು:
ನನಗೆ ಉಪಯೋಗ ಆಗಿದೆ, ಅದಕ್ಕೇ ಹೇಳಿದೆ. ನನ್ನ ಅನುಭವ ಸುಳ್ಳಾ?

ರಾತ್ರಿಪಾಳಿ:
ಸುಳ್ಳು ಅನ್ನುತ್ತಿಲ್ಲ. ನಿಮಗೆ ಆಸಿಡ್ ಕಡಿಮೆ ಇತ್ತು ಅಂತ ಯಾವ ಪರೀಕ್ಷೆಯಿಂದ ಗೊತ್ತಾಯಿತು?

ನೇರಮಾತು:
ಅಡುಗೆ ಸೋಡಾ ಪರೀಕ್ಷೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಸೋಡಾ ನೀರು ಕುಡಿದೆ. ಐದು ನಿಮಿಷವಾದರೂ ತೇಗು ಬರಲಿಲ್ಲ.

ಲ್ಯಾಬ್‌ಗನ್ನಡಿ:
ಆ ಸೋಡಾ ಪರೀಕ್ಷೆಗೆ ಬೆಲೆ ಇಲ್ಲ ಸರ್. ಸೋಡಾ ಆಸಿಡ್ ಜೊತೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಅದು ನಿಜ. ಆದರೆ ತೇಗು ಬರುವುದು ಎಷ್ಟು ಗಾಳಿ ನುಂಗಿದ್ದೀರಿ, ಅನ್ನನಾಳದ ಕೆಳಗಿನ ಬಿಗಿ ಹೇಗಿದೆ, ಎಷ್ಟು ಬೇಗ ಕುಡಿದಿರಿ ಇದರ ಮೇಲೆಲ್ಲಾ ಹೋಗುತ್ತದೆ. ಒಬ್ಬನೇ ಮನುಷ್ಯನಿಗೆ ಇವತ್ತು ತೇಗು ಬರಬಹುದು, ನಾಳೆ ಬರದೇ ಇರಬಹುದು.

ಸರಿಯಾದ ದಾರಿ ಬೇರೆ ಇದೆ. ಹೊಟ್ಟೆಯ ಪಿಎಚ್ ನೇರವಾಗಿ ಅಳೆಯಬಹುದು, ಅಂಕಿ ಕಡಿಮೆ ಇದ್ದಷ್ಟೂ ಆಸಿಡ್ ಜಾಸ್ತಿ. ಖಾಲಿ ಹೊಟ್ಟೆಯಲ್ಲಿ ಸಾಮಾನ್ಯವಾಗಿ 1ರಿಂದ 3ರ ಒಳಗೆ ಇರುತ್ತದೆ. ರಕ್ತದಲ್ಲಿ ಗ್ಯಾಸ್ಟ್ರಿನ್, ಹೊಟ್ಟೆಯ ಒಳಪದರ ಮಾಡುವ ಪೆಪ್ಸಿನೋಜೆನ್ ನೋಡಬಹುದು. ಎಲ್ಲಕ್ಕಿಂತ ಮೇಲು ಬಯಾಪ್ಸಿ.

ಇಬ್ಬನಿ ಮೇಡಂ, ನಿಮಗೊಂದು ಪ್ರಶ್ನೆ. ಗ್ಯಾಸ್ಟ್ರಿನ್ ಪರೀಕ್ಷೆಗೆ ರಕ್ತ ಕೊಟ್ಟಾಗ ಪ್ಯಾಂಟೊಪ್ರಜೋಲ್ ನಿಲ್ಲಿಸಿದ್ದಿರಾ? ಆಸಿಡ್ ಇಳಿದರೆ ಗ್ಯಾಸ್ಟ್ರಿನ್ ಏರುತ್ತದೆ. ಮಾತ್ರೆಯಿಂದ ಇಳಿದರೂ ಏರುತ್ತದೆ, ಕಾಯಿಲೆಯಿಂದ ಇಳಿದರೂ ಏರುತ್ತದೆ.

ಇಬ್ಬನಿ:
ಇಲ್ಲ! ರಕ್ತ ಕೊಟ್ಟ ದಿನ ಬೆಳಿಗ್ಗೆಯೂ ಮಾತ್ರೆ ನುಂಗಿದ್ದೆ. ಯಾರೂ ಹೇಳಲಿಲ್ಲ. ಹಾಗಾದರೆ ಎಲ್ಲಾ ತಪ್ಪಾ?

ಲ್ಯಾಬ್‌ಗನ್ನಡಿ:
ಎಲ್ಲಾ ತಪ್ಪಲ್ಲ, ಗಾಬರಿಯಾಗಬೇಡಿ. ಆ ಒಂದು ಗ್ಯಾಸ್ಟ್ರಿನ್ ಅಂಕಿಯನ್ನು ಮಾತ್ರ ನಂಬುವುದಕ್ಕಾಗಲ್ಲ. ಬಯಾಪ್ಸಿಯಲ್ಲಿ ಕಂಡ ಸವೆತ ಬೇರೆ ವಿಷಯ, ಅಂಥದ್ದು ಈ ಮಾತ್ರೆಯಿಂದ ಕೆಲವೇ ತಿಂಗಳಲ್ಲಿ ಬರುವುದಿಲ್ಲ. ಡಾಕ್ಟರನ್ನು ಕೇಳಿ, ಅವರು ಹೇಳಿದಷ್ಟು ದಿನ ಮಾತ್ರೆ ಬಿಟ್ಟು ಮತ್ತೆ ಮಾಡಿಸಿ.

ಹಳೇಗಡಿಯಾರ:
ಇಬ್ಬನಿ, ನಾನು ಒಂಬತ್ತು ವರ್ಷದಿಂದ ಇದೇ ಕಾಯಿಲೆ ಇಟ್ಟುಕೊಂಡಿದ್ದೇನೆ. ನನ್ನದು ಆಟೋಇಮ್ಯೂನ್ ಜಾತಿ. ದೇಹದ ಕಾವಲು ವ್ಯವಸ್ಥೆಯೇ ಆಸಿಡ್ ಮಾಡುವ ಪರೈಟಲ್ ಕೋಶಗಳ ಮೇಲೆ ಬೀಳುತ್ತದೆ. ನಿಮ್ಮ ಉರಿಯ ಪ್ರಶ್ನೆಗೆ ಬೇರೆಯವರು ಉತ್ತರ ಕೊಡಲಿ. ನಾನು ಅದಕ್ಕಿಂತ ಮುಖ್ಯವಾದದ್ದು ಕೇಳುತ್ತೇನೆ. ನಿಮ್ಮ ಬಿ12 ಎಷ್ಟಿದೆ?

ಯಾಕೆ ಕೇಳುತ್ತೇನೆ ಅಂದರೆ, ನಾನು ಎರಡು ವರ್ಷ ಉರಿಯ ಹಿಂದೆಯೇ ಓಡಿದೆ. ಅಷ್ಟರಲ್ಲಿ ಕಾಲಿನ ಬೆರಳುಗಳಲ್ಲಿ ಜುಮುಜುಮು ಶುರುವಾಗಿತ್ತು. ಚಪ್ಪಲಿ ಕಾಲಿಂದ ಜಾರಿದ್ದೇ ಗೊತ್ತಾಗುತ್ತಿರಲಿಲ್ಲ, ಬರಿಗಾಲಲ್ಲಿ ನಾಲ್ಕು ಹೆಜ್ಜೆ ಹೋದಮೇಲೆ ಕೆಳಗೆ ನೋಡಿದರೆ ಚಪ್ಪಲಿ ಹಿಂದೆ ಬಿದ್ದಿರುತ್ತಿತ್ತು. ನಾಲಿಗೆ ಕೆಂಪಗೆ, ನುಣ್ಣಗೆ, ಪಾಲಿಶ್ ಹಾಕಿದ ಹಾಗೆ. ಬಿಸಿ ಕಾಫಿ ಮುಟ್ಟಿದರೆ ಉರಿಯುತ್ತಿತ್ತು. ಅದನ್ನೂ ಆಸಿಡಿಟಿ ಲೆಕ್ಕಕ್ಕೇ ಹಾಕಿದೆವು. ಬಿ12 ನೋಡಿದವರೇ ಇಲ್ಲ.

ಊಟದಲ್ಲಿರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಬಿಡಿಸಿಕೊಳ್ಳುವುದಕ್ಕೆ ಆಸಿಡ್ ಬೇಕು. ಬಿಡಿಸಿದಮೇಲೆ ಕರುಳಿನಲ್ಲಿ ಹೀರಿಕೊಳ್ಳುವುದಕ್ಕೆ ಇಂಟ್ರಿನ್ಸಿಕ್ ಫ್ಯಾಕ್ಟರ್ ಅಂತ ಒಂದು ಬೇಕು. ಅದನ್ನು ಮಾಡುವುದೂ ಅದೇ ಪರೈಟಲ್ ಕೋಶಗಳೇ. ಅವು ಸತ್ತರೆ ಎರಡೂ ಹೋಯಿತು. ಇಂಜೆಕ್ಷನ್ ಶುರುಮಾಡಿದಮೇಲೆ ನಾಲಿಗೆ ಸರಿಹೋಯಿತು. ಎಡಗಾಲಿನ ಎರಡು ಬೆರಳು ಇವತ್ತಿಗೂ ಸರಿ ಇಲ್ಲ. ಎರಡು ವರ್ಷ ಮುಂಚೆ ನೋಡಿದ್ದರೆ ಅವೂ ಉಳಿಯುತ್ತಿದ್ದವೋ ಏನೋ.

ಇಬ್ಬನಿ:
ಸರ್, ಓದಿ ಕೈ ನಡುಗಿತು. ನನಗೂ ಕೈಬೆರಳು ಮರಗಟ್ಟುತ್ತದೆ. ಕಂಪ್ಯೂಟರ್ ಕೆಲಸದಿಂದ ಅಂದುಕೊಂಡಿದ್ದೆ. ನಾಳೆಯೇ ಪರೀಕ್ಷೆಗೆ ಕೊಡುತ್ತೇನೆ.

ಹಳೇಗಡಿಯಾರ:
ಕೊಡಿ. ಮಾಡಿಸುವುದಕ್ಕೆ ಮುಂಚೆ ಬಿ12 ಮಾತ್ರೆ ನುಂಗಬೇಡಿ, ಅಂಕಿ ಏರಿಬಿಡುತ್ತದೆ. ಬರೀ ಫೋಲಿಕ್ ಆಸಿಡ್ ಕೂಡ ಬೇಡ. ರಕ್ತಹೀನತೆ ಸರಿಯಾದ ಹಾಗೆ ಕಾಣುತ್ತದೆ, ಒಳಗೆ ನರಗಳು ಹಾಳಾಗುತ್ತಲೇ ಇರುತ್ತವೆ. ಕಬ್ಬಿಣ, ಅಂದರೆ ಫೆರಿಟಿನ್, ಅದನ್ನೂ ಜೊತೆಗೇ ನೋಡಿಸಿ. ಅದರ ಹೀರುವಿಕೆಗೂ ಆಸಿಡ್ ಬೇಕು.

ಕಾಡುಮಲ್ಲಿಗೆ:
ಥೈರಾಯ್ಡ್ ಕೂಡ ನೋಡಿಸಿ ಅಕ್ಕ. ಆಟೋಇಮ್ಯೂನ್ ಥೈರಾಯ್ಡೂ ಈ ಹೊಟ್ಟೆ ಕಾಯಿಲೆಯೂ ಎಷ್ಟೋ ಸಲ ಜೊತೆಗೇ ಬರುತ್ತವೆ. ನನಗೆ ಮೊದಲು ಥೈರಾಯ್ಡ್ ಬಂತು. ಥೈರಾಕ್ಸಿನ್ ಮಾತ್ರೆ ಎಷ್ಟು ಜಾಸ್ತಿ ಮಾಡಿದರೂ, ಥೈರಾಯ್ಡ್ ಕೊರತೆ ತೋರಿಸುವ ಟಿಎಸ್‌ಎಚ್ ಇಳಿಯುತ್ತಿರಲಿಲ್ಲ. "ಮಾತ್ರೆ ಸರಿಯಾಗಿ ತಗೊಳ್ತಿಲ್ಲ" ಅಂತ ಬೈಸಿಕೊಂಡೆ, ಮನೆಗೆ ಬಂದು ಅತ್ತೆ. ಆಸಿಡ್ ಕಡಿಮೆ ಇದ್ದರೆ ಆ ಮಾತ್ರೆ ಸರಿಯಾಗಿ ಹೀರುವುದಿಲ್ಲ ಅಂತ ತಿಳಿದದ್ದು ಆಮೇಲೆ.

ಕ್ಯಾಲ್ಸಿಯಂ ಮಾತ್ರೆಯೂ ಅಷ್ಟೇ. ಕಾರ್ಬೊನೇಟ್‌ಗೆ ಆಸಿಡ್ ಬೇಕು, ಸಿಟ್ರೇಟ್‌ಗೆ ಅಷ್ಟು ಬೇಡ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಯಾವುದು ಅಂತ ಬರೆದಿರುತ್ತದೆ, ನೋಡಿ.

ತಂಗಾಳಿ:
ಇಬ್ಬನಿ ಅವರ ಮೂಲ ಪ್ರಶ್ನೆಗೆ ಬರೋಣ. ಆಸಿಡ್ ಇಲ್ಲದೆ ಉರಿ ಯಾಕೆ?

ಉರಿ ಅನ್ನುವುದು ನರ ಹೇಳುವ ಮಾತು. ಅದು ಆಸಿಡ್ ಎಷ್ಟಿದೆ ಅಂತ ಅಳೆದು ಹೇಳುವುದಿಲ್ಲ. ನನಗೆ ನಾಲ್ಕು ವರ್ಷದಿಂದ ಇದೇ ಜಾಗದಲ್ಲಿ ಉರಿ. ಎಂಡೋಸ್ಕೋಪಿ ಎರಡು ಸಲ ಸರಿಯಾಗಿಯೇ ಬಂತು. ಫಂಕ್ಷನಲ್ ಡಿಸ್ಪೆಪ್ಸಿಯಾ ಅಂದರು. ಹೊಟ್ಟೆಯ ನರಗಳು ಚುರುಕಾಗಿಬಿಟ್ಟಿರುತ್ತವೆ, ಊಟ ಸ್ವಲ್ಪ ಹಿಗ್ಗಿಸಿದರೂ ಉರಿಯ ಹಾಗೆ ಅನ್ನಿಸುತ್ತದೆ. ಡಾಕ್ಟರ್ ಮಲಗುವಾಗ ತಗೊಳ್ಳಲು ಸಣ್ಣ ಡೋಸ್ ಅಮಿಟ್ರಿಪ್ಟಿಲಿನ್ ಬರೆದರು. ಮೊದಲು ನನಗೆ ಸಿಟ್ಟು ಬಂತು, ಇದು ಖಿನ್ನತೆಯ ಮಾತ್ರೆ ಅಲ್ವಾ, ನಾನು ಸುಳ್ಳು ನೋವು ಹೇಳುತ್ತಿದ್ದೇನೆ ಅಂದುಕೊಂಡರಾ ಅಂತ. ಅವರು ಸಮಾಧಾನವಾಗಿ ಕೂರಿಸಿ ಹೇಳಿದರು: ಈ ಡೋಸಿನಲ್ಲಿ ಇದು ನರದ ನೋವಿಗೆ. ಐದನೇ ವಾರಕ್ಕೆ ಮೊದಲ ಸಲ ರಾತ್ರಿ ಪೂರ್ತಿ ನಿದ್ದೆ ಬಂತು.

ಇನ್ನೊಂದು ಕಾರಣ ಪಿತ್ತರಸ. ಕರುಳಿನಿಂದ ಅದು ಹಿಂದಕ್ಕೆ ಹೊಟ್ಟೆಗೆ ಬಂದರೂ ಉರಿಯುತ್ತದೆ. ಅದು ಆಸಿಡ್ ಅಲ್ಲ. ಪಿತ್ತಕೋಶ ತೆಗೆಸಿದವರಲ್ಲಿ ಜಾಸ್ತಿ.

ಮುಂಗಾರು77:
ನನಗೆ ಪಿತ್ತಕೋಶ ತೆಗೆದಿದ್ದಾರೆ. ಇದನ್ನು ಯಾರೂ ಹೇಳಿರಲಿಲ್ಲ!

ರಾತ್ರಿಪಾಳಿ:
ತಂಗಾಳಿ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಆಸಿಡ್ ಹೊಟ್ಟೆಗೆ ಬಾಗಿಲು ಕಾಯುವವನ ಹಾಗೆ. ಅದು ಇಲ್ಲದಿದ್ದರೆ ಬ್ಯಾಕ್ಟೀರಿಯಾ ಸಣ್ಣ ಕರುಳಿನಲ್ಲಿ ಬೆಳೆದುಕೊಳ್ಳಬಹುದು. ಉಬ್ಬರ, ಗ್ಯಾಸ್ ಬರುವುದು ಹಾಗೂ ಇರಬಹುದು. ಸಾಲ್ಮೊನೆಲ್ಲಾದಂಥ ಸೋಂಕು ಸುಲಭವಾಗಿ ಒಳಗೆ ಬರುತ್ತದೆ. ಅದಕ್ಕೇ ಚೆನ್ನಾಗಿ ಬೆಂದದ್ದೇ ತಿನ್ನಿ, ನೀರು ಶುದ್ಧವಾಗಿರಲಿ. ಹೊಟ್ಟೆಯಲ್ಲಿ ಸೇರಿಕೊಳ್ಳುವ ಎಚ್. ಪೈಲೋರಿ ಬ್ಯಾಕ್ಟೀರಿಯಾದ ಪರೀಕ್ಷೆ ಆಯಿತಾ?

ಇಬ್ಬನಿ:
ಬಯಾಪ್ಸಿಯಲ್ಲಿ ಇಲ್ಲ ಅಂತ ಬಂದಿದೆ.

ಲ್ಯಾಬ್‌ಗನ್ನಡಿ:
ಅದೂ ಪ್ಯಾಂಟೊಪ್ರಜೋಲ್ ತಗೊಳ್ಳುವಾಗಲೇ ಮಾಡಿದ್ದಾ? ಹಾಗಿದ್ದರೆ ಮತ್ತೆ ಕೇಳಿ. ಆ ಮಾತ್ರೆ ಬ್ಯಾಕ್ಟೀರಿಯಾವನ್ನು ಅಡಗಿಸುತ್ತದೆ. ಉಸಿರಿನ ಪರೀಕ್ಷೆಗೂ ಮಲದ ಪರೀಕ್ಷೆಗೂ ಅದನ್ನು ಎರಡು ವಾರ ಬಿಟ್ಟಿರಬೇಕು, ಆಂಟಿಬಯಾಟಿಕ್ ನಾಲ್ಕು ವಾರ ಬಿಟ್ಟಿರಬೇಕು. ಒಳಪದರ ತೀರಾ ಸವೆದಾಗ ಬ್ಯಾಕ್ಟೀರಿಯಾ ಕಡಿಮೆಯಾಗಿ ಸಿಗದೇ ಇರುವುದೂ ಉಂಟು.

ಪುಸ್ತಕಹುಳ:
ಎಚ್. ಪೈಲೋರಿ ಮಾತು ಬಂದದ್ದಕ್ಕೆ ಸ್ವಲ್ಪ ಪಕ್ಕದ ದಾರಿ ಹಿಡಿಯುತ್ತೇನೆ. 1984ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಈ ಬ್ಯಾಕ್ಟೀರಿಯಾ ಇದ್ದ ದ್ರವವನ್ನು ತಾವೇ ಕುಡಿದರು. ಹೊಟ್ಟೆಯ ಉರಿಯೂತಕ್ಕೆ ಇದೇ ಕಾರಣ ಅಂತ ತೋರಿಸಬೇಕಿತ್ತು. ಕೆಲವು ದಿನಕ್ಕೆ ಬೆಳಗಿನ ಜಾವ ವಾಂತಿ ಶುರುವಾಯಿತು. ಆ ವಾಂತಿಯಲ್ಲಿ ಆಸಿಡ್ ಇರಲಿಲ್ಲ! ಹೊಸದಾಗಿ ಸೋಂಕು ತಗುಲಿದಾಗ ಆಸಿಡ್ ಇಳಿಯುತ್ತದೆ ಅನ್ನುವುದಕ್ಕೆ ಅವರ ಹೊಟ್ಟೆಯೇ ಸಾಕ್ಷಿ. 2005ರಲ್ಲಿ ಅವರಿಗೂ ರಾಬಿನ್ ವಾರೆನ್‌ಗೂ ನೊಬೆಲ್ ಬಂತು.

ಅದಕ್ಕೂ ಮುಂಚೆ, 1822ರಲ್ಲಿ, ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಅನ್ನುವ ಯುವಕನ ಹೊಟ್ಟೆಗೆ ಗುಂಡು ತಗುಲಿತು. ಬದುಕಿದ, ಆದರೆ ತೂತು ಮುಚ್ಚಲಿಲ್ಲ. ವಿಲಿಯಂ ಬೋಮಾಂಟ್ ಅನ್ನುವ ಸೇನೆಯ ಡಾಕ್ಟರ್ ರೇಷ್ಮೆ ದಾರಕ್ಕೆ ಆಹಾರದ ಚೂರು ಕಟ್ಟಿ ಆ ತೂತಿನಿಂದ ಒಳಗೆ ಬಿಟ್ಟು, ಎಷ್ಟು ಹೊತ್ತಿಗೆ ಕರಗುತ್ತದೆ ಅಂತ ನೋಡುತ್ತಿದ್ದ. ಆ ಯುವಕನಿಗೆ ಸಿಟ್ಟು ಬಂದಾಗ ಜೀರ್ಣವಾಗುವುದು ಕೆಡುತ್ತದೆ ಅಂತಲೂ ಬರೆದಿಟ್ಟ.

ಕಾಡುಮಲ್ಲಿಗೆ:
ಆ ಹುಡುಗನ ಪಾಡು ನೆನೆಸಿಕೊಂಡರೆ ಸಂಕಟವಾಗುತ್ತದೆ. ಅವನನ್ನು ಯಾರಾದರೂ ಕೇಳಿದರಾ?

ಪುಸ್ತಕಹುಳ:
ಕರಾರು ಬರೆಸಿಕೊಂಡಿದ್ದರು, ದುಡ್ಡೂ ಕೊಡುತ್ತಿದ್ದರು. ಆದರೂ ನಡುವೆ ಬಿಟ್ಟು ಊರಿಗೆ ಹೋಗಿಬಿಟ್ಟಿದ್ದ. ನನಗೂ ಆ ಭಾಗ ಓದುವಾಗ ಕಷ್ಟವಾಯಿತು.

ಬಿಸಿಲುಕುದುರೆ:
ಎಲ್ಲಾ ಓದಿದೆ. ನಾನೂ ಆರು ವರ್ಷದಿಂದ ಆಸಿಡ್ ತಡೆಯುವ ಒಮೆಪ್ರಜೋಲ್ ತಗೊಳ್ಳುತ್ತಿದ್ದೇನೆ. ಅಂದರೆ ನನ್ನ ಉರಿಯೂ ಆಸಿಡ್ ಕಡಿಮೆಯಾಗಿಯೇ ಇರಬೇಕು. ನಾಳೆಯಿಂದ ನಿಲ್ಲಿಸುತ್ತೇನೆ.

ರಾತ್ರಿಪಾಳಿ:
ನಿಲ್ಲಿಸಬೇಡಿ! ಯಾಕೆ ಶುರುಮಾಡಿದರು ಅಂತ ಮೊದಲು ಹೇಳಿ.

ಬಿಸಿಲುಕುದುರೆ:
ಹುಣ್ಣಿನಿಂದ ರಕ್ತ ಹೋಗಿತ್ತು. ಈಗ ಹೃದಯಕ್ಕೆ ಆಸ್ಪಿರಿನ್ ಕೂಡ ನಡೆಯುತ್ತಿದೆ.

ರಾತ್ರಿಪಾಳಿ:
ಹಾಗಾದರೆ ಆ ಮಾತ್ರೆ ನಿಮ್ಮನ್ನು ಕಾಯುತ್ತಿದೆ. ದಯವಿಟ್ಟು ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಬೇಡಿ. ಇಬ್ಬನಿಯವರ ಹೊಟ್ಟೆ ಬೇರೆ, ನಿಮ್ಮ ಹೊಟ್ಟೆ ಬೇರೆ. ಉರಿ ಒಂದೇ ಥರ ಇದ್ದಮಾತ್ರಕ್ಕೆ ಕಾರಣವೂ ಒಂದೇ ಆಗುವುದಿಲ್ಲ.

ನೇರಮಾತು:
ಮಾತ್ರೆ ಬಿಟ್ಟ ತಕ್ಷಣ ಉರಿ ಬರುತ್ತದೆ, ಜನ ಹೆದರಿ ಮತ್ತೆ ಶುರುಮಾಡುತ್ತಾರೆ. ಇದೂ ನಿಜ ತಾನೇ?

ಲ್ಯಾಬ್‌ಗನ್ನಡಿ:
ಅದು ನಿಜ, ಇದರಲ್ಲಿ ನಿಮ್ಮ ಜೊತೆ ಇದ್ದೇನೆ. 2009ರಲ್ಲಿ ಡೆನ್ಮಾರ್ಕಿನವರು ಒಂದು ಅಧ್ಯಯನ ಪ್ರಕಟಿಸಿದರು. ಹೊಟ್ಟೆಯ ತೊಂದರೆಯೇ ಇಲ್ಲದ 120 ಜನ. ಅರ್ಧದಷ್ಟು ಜನಕ್ಕೆ ಎಂಟು ವಾರ ಅದೇ ಜಾತಿಯ ಎಸೊಮೆಪ್ರಜೋಲ್ ಮಾತ್ರೆ ಕೊಟ್ಟು ಆಮೇಲೆ ನಿಲ್ಲಿಸಿದರು. ನಿಲ್ಲಿಸಿದಮೇಲಿನ ವಾರಗಳಲ್ಲಿ ಅವರಲ್ಲಿ ಶೇ. 44ರಷ್ಟು ಜನಕ್ಕೆ ಎದೆಯುರಿ, ಹುಳಿತೇಗಿನಂಥ ತೊಂದರೆ ಬಂತು. ಔಷಧವಿಲ್ಲದ ಖಾಲಿ ಮಾತ್ರೆ ತಗೊಂಡವರಲ್ಲಿ ಶೇ. 15. ಗ್ಯಾಸ್ಟ್ರಿನ್ ಏರಿ ಕೂತಿರುತ್ತದಲ್ಲ, ತಡೆ ತೆಗೆದ ಕೂಡಲೇ ಆಸಿಡ್ ನುಗ್ಗುತ್ತದೆ.

ಹಾಗಾಗಿ ಅಗತ್ಯವಿಲ್ಲದವರು ಬಿಡುವಾಗಲೂ ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ ಬಿಡುವುದು ಒಳ್ಳೆಯದು. ಪರೈಟಲ್ ಕೋಶಗಳೇ ಸವೆದುಹೋದವರಲ್ಲಿ ನುಗ್ಗುವುದಕ್ಕೆ ಆಸಿಡೇ ಇರುವುದಿಲ್ಲ, ಅವರ ಕಥೆ ಬೇರೆ.

ನೇರಮಾತು:
ಸರಿ. ಹುಣ್ಣು ಇದ್ದವರಿಗೂ ಅನ್ವಯಿಸುವ ಹಾಗೆ ಮೊದಲು ಬರೆದದ್ದು ತಪ್ಪು, ಒಪ್ಪಿಕೊಳ್ಳುತ್ತೇನೆ. ನಾನೂ ಎಂಡೋಸ್ಕೋಪಿ ಮಾಡಿಸಿಲ್ಲ. ಮಾಡಿಸುತ್ತೇನೆ.

ಒಂಟಿಮರ:
ಒಂದೇ ವಿಷಯ ಹೇಳಿ ಹೋಗುತ್ತೇನೆ. ನಮ್ಮ ಅಪ್ಪನಿಗೆ ಇದೇ ಜಾಗದಲ್ಲಿ ಉರಿ ಬಂತು. ಗ್ಯಾಸ್ ಅಂದುಕೊಂಡು ಆಂಟಾಸಿಡ್ ಕುಡಿದು ಮಲಗಿದರು. ಬೆವರುತ್ತಿದ್ದರು, ದವಡೆ ನೋಯುತ್ತಿದೆ ಅಂದರು. ಅದು ಹೃದಯಾಘಾತ. ಇಬ್ಬನಿಯವರದು ಒಂದೂವರೆ ವರ್ಷದ್ದು, ಪರೀಕ್ಷೆ ಆಗಿದೆ, ಸರಿ. ಆದರೆ ಇದನ್ನು ಓದುವವರಲ್ಲಿ ಯಾರಿಗಾದರೂ ಹೊಸದಾಗಿ ಉರಿ ಬಂದು ಬೆವರು, ಉಸಿರಾಟದ ಕಷ್ಟ, ಕೈಗೋ ದವಡೆಗೋ ಹರಡುವ ನೋವು ಇದ್ದರೆ ಇಲ್ಲಿ ಪ್ರಶ್ನೆ ಕೇಳುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೊರಡಿ.

ರಾತ್ರಿಪಾಳಿ:
ಬರೆದದ್ದು ಒಳ್ಳೆಯದಾಯಿತು. ಕಪ್ಪು ಟಾರಿನಂಥ ಮಲ, ವಾಂತಿಯಲ್ಲಿ ರಕ್ತ, ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ಇವೂ ಕಾಯುವ ವಿಷಯಗಳಲ್ಲ. ಕಬ್ಬಿಣದ ಮಾತ್ರೆ ತಗೊಳ್ಳುವವರಿಗೆ ಮಲ ಕಪ್ಪಾಗುವುದು ಸಹಜ, ಆದರೂ ಅನುಮಾನವಿದ್ದರೆ ತೋರಿಸಿ.

ಇಬ್ಬನಿ:
ಎಲ್ಲರಿಗೂ ಮತ್ತೆ ನಮಸ್ಕಾರ. ಮೂರು ವಾರವಾಯಿತು.

ಬಿ12 ಬಂದದ್ದು 118. ಲ್ಯಾಬಿನ ಕಾಗದದಲ್ಲಿ ಕನಿಷ್ಠ 200 ಅಂತಿದೆ. ಫೆರಿಟಿನ್ 7. ಪರೈಟಲ್ ಕೋಶದ ಆಂಟಿಬಾಡಿ ಪಾಸಿಟಿವ್. ಹಳೇಗಡಿಯಾರ ಸರ್, ನೀವು ಕೇಳದೇ ಇದ್ದಿದ್ದರೆ ನಾನು ಇನ್ನೂ ಉರಿಯ ಹಿಂದೆಯೇ ಓಡುತ್ತಿದ್ದೆ. ಬಿ12 ಇಂಜೆಕ್ಷನ್ ಶುರುವಾಗಿದೆ. ಡಾಕ್ಟರೇ ಪ್ಯಾಂಟೊಪ್ರಜೋಲ್ ನಿಲ್ಲಿಸಿದರು, ಆಸಿಡ್ ಮಾಡದ ಹೊಟ್ಟೆಗೆ ಆಸಿಡ್ ತಡೆಯುವ ಮಾತ್ರೆ ಯಾಕೆ ಅಂದರು. ನಿಲ್ಲಿಸಿದ್ದರಿಂದ ಉರಿ ಜಾಸ್ತಿ ಆಗಲಿಲ್ಲ.

ಉರಿ ಹೋಗಿಲ್ಲ. ಆದರೆ ದಿನ ತಳ್ಳುವ ದಾರಿ ಸ್ವಲ್ಪ ಸಿಕ್ಕಿದೆ. ಮೂರು ದೊಡ್ಡ ಊಟದ ಬದಲು ಐದು ಸಣ್ಣದು. ಎಣ್ಣೆ ಕಡಿಮೆ, ಅದು ಜಾಸ್ತಿಯಾದ ದಿನ ಹೊಟ್ಟೆ ಖಾಲಿಯಾಗುವುದೇ ಇಲ್ಲ. ರಾತ್ರಿ ಊಟಕ್ಕೂ ಮಲಗುವುದಕ್ಕೂ ನಡುವೆ ಮೂರು ಗಂಟೆ. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ತಿಂದದ್ದು, ಉರಿ ಬಂದ ಹೊತ್ತು, ಹತ್ತರಲ್ಲಿ ಎಷ್ಟು ಅಂತ ಬರೆಯುತ್ತೇನೆ. ಮೊದಲ ವಾರ ಏಳು, ಎಂಟು ಇದ್ದದ್ದು ಈ ವಾರ ನಾಲ್ಕು, ಐದು. ಖಾರ ಕಾರಣ ಅಂದುಕೊಂಡಿದ್ದೆ. ನೋಟ್‌ಬುಕ್ ನೋಡಿದರೆ ಖಾರ ತಿಂದ ದಿನಕ್ಕಿಂತ ಗಬಗಬ ತಿಂದ ದಿನವೇ ಕೆಟ್ಟದ್ದು.

ಒಂದು ಅನುಮಾನ. ಉರಿಯ ಜಾಗಕ್ಕೆ ದಿನಾ ಬಿಸಿನೀರಿನ ಚೀಲ ಇಡುತ್ತಿದ್ದೆ. ಈಗ ಅಲ್ಲಿ ಚರ್ಮದ ಮೇಲೆ ಕಂದು ಬಣ್ಣದ ಬಲೆಯಂಥ ಗುರುತು ಬಂದಿದೆ. ನೋವಿಲ್ಲ, ತುರಿಕೆಯಿಲ್ಲ. ಇದು ಏನು?

ರಾತ್ರಿಪಾಳಿ:
ಅದು ಶಾಖದ ಗುರುತು ಅಕ್ಕ. ಮತ್ತೆ ಮತ್ತೆ ಬಿಸಿ ತಾಗಿದ ಕಡೆ ಹಾಗೇ ಬಲೆಬಲೆಯಾಗಿ ಬರುತ್ತದೆ. ಚೀಲ ಇಡುವುದು ನಿಲ್ಲಿಸಿದರೆ ಸಾಮಾನ್ಯವಾಗಿ ತಿಂಗಳುಗಳಲ್ಲಿ ಮಾಸುತ್ತದೆ. ಮುಂದಿನ ಸಲ ಹೋದಾಗ ಡಾಕ್ಟರಿಗೂ ತೋರಿಸಿ.

ತಂಗಾಳಿ:
ಉಳಿದ ಉರಿಗೆ ನರದ ಮಾತ್ರೆಯ ಬಗ್ಗೆ ಕೇಳಿದಿರಾ?

ಇಬ್ಬನಿ:
ಕೇಳಿದೆ. ಕಬ್ಬಿಣವೂ ಬಿ12ವೂ ಏರಲಿ, ಎರಡು ತಿಂಗಳು ನೋಡೋಣ ಅಂದರು. ಎಂಡೋಸ್ಕೋಪಿ ಆಗಾಗ ಮಾಡಿಸುತ್ತಿರಬೇಕಂತೆ.

ಹಳೇಗಡಿಯಾರ:
ಹೌದು, ಅದನ್ನು ಮಾತ್ರ ತಪ್ಪಿಸಬೇಡಿ. ಸವೆದ ಒಳಪದರದಲ್ಲಿ ಗಂಟು ಬೆಳೆಯುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ನನಗೆ ಮೂರು ವರ್ಷಕ್ಕೊಮ್ಮೆ ನೋಡುತ್ತಾರೆ. ಬೇಗ ಸಿಕ್ಕರೆ ಅಲ್ಲೇ ತೆಗೆದುಬಿಡಬಹುದು.

ಮುಂಗಾರು77:
ಇಬ್ಬನಿ ಅಕ್ಕ, ಫೆರಿಟಿನ್‌ಗೆ ಮಾತ್ರೆ ಕೊಟ್ಟರಾ, ಡ್ರಿಪ್ ಹಾಕಿದರಾ? ನನ್ನದು 9 ಬಂದಿದೆ. ಮಾತ್ರೆ ನುಂಗಿದರೆ ಉರಿ ಜಾಸ್ತಿ.

ಇಬ್ಬನಿ:
ಮೊದಲು ಮಾತ್ರೆ. ಒಂದು ವಾರ ತಡೆದೆ, ಆಗಲಿಲ್ಲ. ಈಗ ಡ್ರಿಪ್. ಮೊದಲನೆಯದು ಬುಧವಾರ ಆಯಿತು, ಎರಡನೆಯದು ಮುಂದಿನ ಬುಧವಾರ. ನೀವೂ ಕೇಳಿ ನೋಡಿ, ಮಾತ್ರೆ ಹೀರುವುದಕ್ಕೆ ಆಸಿಡ್ ಇಲ್ಲ ಅಂತ ರಿಪೋರ್ಟ್ ತೋರಿಸಿಯೇ ಕೇಳಿ.